ಕಾಳಿನ ಕೋಣೆಯಲ್ಲಿ ಮನೆಯ ಗ್ರಂಥಾಲಯ

ಸೆರೆಮನೆಯಲ್ಲಿದ್ದ ಸಂತ ಪೌಲರು ತಮ್ಮ ಪ್ರಿಯ ಶಿಷ್ಯ ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯದಲ್ಲಿ ಒಂದು ಸಣ್ಣ ಬೇಡಿಕೆಯಿದೆ. ತಾವು ತ್ರೋವದಲ್ಲಿ ಬಿಟ್ಟುಬಂದ ಹೊದಿಕೆಯನ್ನು ತರಬೇಕು, ಅದರೊಡನೆ ಪುಸ್ತಕಗಳನ್ನೂ, ಮುಖ್ಯವಾಗಿ ಚರ್ಮದ ಹಾಳೆಗಳನ್ನೂ ತರಬೇಕು ಎಂದು ಅವರು ಕೇಳಿಕೊಳ್ಳುತ್ತಾರೆ. ಚಳಿಗಾಲ ಹತ್ತಿರ ಬಂದಿದೆ. ತಮ್ಮ ಓಟ ಮುಗಿಯುತ್ತ ಬಂದಿದೆಯೆಂಬುದೂ ಅವರಿಗೆ ತಿಳಿದಿದೆ. ಅಂಥ ಹೊತ್ತಿನಲ್ಲಿಯೂ ಮೈಗೆ ಹೊದಿಕೆ ಎಷ್ಟು ಅಗತ್ಯವೋ ಮನಸ್ಸಿಗೆ ಪುಸ್ತಕವೂ ಅಷ್ಟೇ ಅಗತ್ಯವೆಂದು ಆ ಮಹಾ ಪ್ರೇಷಿತರು ಭಾವಿಸಿದ್ದರು.

ನಮ್ಮ ಕಥೋಲಿಕ ಕುಟುಂಬಗಳ ಮನೆಗಳನ್ನು ಒಮ್ಮೆ ನೆನೆಯೋಣ. ಪಡಸಾಲೆಯ ಗೋಡೆಯ ಮೇಲೆ ಯೇಸುವಿನ ತಿರುಹೃದಯದ ಚಿತ್ರವಿರುತ್ತದೆ. ಅದರ ಮುಂದೆ ಕೆಂಪು ದೀಪವಿರುತ್ತದೆ. ಮೊಳೆಗೆ ಜಪಸರ ತೂಗುತ್ತಿರುತ್ತದೆ. ಬೈಬಲ್ ಗ್ರಂಥವೂ ಇರುತ್ತದೆ. ಆದರೆ ಅದು ಎಲ್ಲಿರುತ್ತದೆ? ಅನೇಕ ಮನೆಗಳಲ್ಲಿ ಅದು ಪ್ಲಾಸ್ಟಿಕ್ ಹೊದಿಕೆಯೊಳಗೆ ಭದ್ರವಾಗಿ ಕಪಾಟಿನ ಮೇಲಿರುತ್ತದೆ. ಇಲ್ಲವೆ ವಿದ್ಯುತ್ ಬಿಲ್ಲು, ಪಡಿತರ ಚೀಟಿಗಳ ಅಡಿಯಲ್ಲಿ ಸಿಲುಕಿರುತ್ತದೆ. ಪ್ರಾರ್ಥನೆಗೆ ಜಾಗವಿದೆ, ದೂರದರ್ಶನಕ್ಕೆ ಜಾಗವಿದೆ, ಪುಸ್ತಕಕ್ಕೆ ಮಾತ್ರ ತನ್ನದೆಂಬ ಜಾಗವಿಲ್ಲ.

ಆ ಜಾಗವನ್ನು ನಾವೇ ಮಾಡಿಕೊಳ್ಳಬಹುದು. ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೆಚ್ಚಿನ ಹಣವೂ ಬೇಕಿಲ್ಲ. ಮನೆಯಲ್ಲಿ ಬರಿದೆ ಬಿದ್ದಿರುವ ಒಂದು ಕೋಣೆ, ಕೆಲವು ದಿನಗಳ ದುಡಿಮೆ ಮತ್ತು ಕುಟುಂಬದವರ ಒಮ್ಮನಸ್ಸು ಇದ್ದರೆ ಸಾಕು.

ಬರಿದಾದ ಕೋಣೆ

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ದುಮ್ಮವಾಡದ ಕಡೆಗೆ ಹೋದವರಿಗೆ ಅಲ್ಲಿನ ನೆಲದ ಗುಣ ಗೊತ್ತು. ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟ ನೀರಸಾಗರ ಜಲಾಶಯವು ಆ ಊರಿನ ಸಮೀಪದಲ್ಲಿದೆ. ಬಯಲುಸೀಮೆಯು ಮಲೆನಾಡಿಗೆ ಕೈಚಾಚುವ ಈ ಪ್ರದೇಶದಲ್ಲಿ ಭತ್ತ, ಗೋವಿನಜೋಳ, ಹತ್ತಿ ಬೆಳೆಯುತ್ತವೆ. ಇಂಥ ಊರುಗಳ ಹಳೆಯ ಮನೆಗಳಲ್ಲಿ ಕಾಳುಕಡಿಗಾಗಿಯೇ ಒಂದು ಕೋಣೆ ಇರುತ್ತಿತ್ತು. ಸುಗ್ಗಿಯಲ್ಲಿ ಚೀಲಗಳ ನಿಟ್ಟು ಅಲ್ಲಿ ಸೂರಿನವರೆಗೆ ಏರುತ್ತಿತ್ತು. ವರ್ಷದ ಊಟ, ಮುಂದಿನ ಹಂಗಾಮಿನ ಬೀಜ, ಕೂಲಿಯವರ ಪಾಲು ಎಲ್ಲವೂ ಅಲ್ಲಿಯೇ ಇರುತ್ತಿತ್ತು.

ಕಾಲ ಬದಲಾಯಿತು. ಬೆಳೆಯು ಹೊಲದಿಂದಲೇ ಮಾರುಕಟ್ಟೆಯ ಹಾದಿ ಹಿಡಿಯತೊಡಗಿತು. ಬೀಜವನ್ನು ಅಂಗಡಿಯಿಂದ ತರುವುದು ರೂಢಿಯಾಯಿತು. ಓದಿದ ಮಕ್ಕಳು ಹುಬ್ಬಳ್ಳಿ, ಬೆಂಗಳೂರು, ಗೋವೆಗಳಿಗೆ ಹೊರಟುಹೋದರು. ಹೀಗೆ ಎಷ್ಟೋ ಮನೆಗಳಲ್ಲಿ ಕಾಳಿನ ಕೋಣೆಯೋ ಮಗನ ಕೋಣೆಯೋ ಬರಿದಾಗಿ, ಈಗ ಅಲ್ಲಿ ಹರಿದ ಚೀಲ, ತುಕ್ಕು ಹಿಡಿದ ಡಬ್ಬಿ, ಮುರಿದ ಕುರ್ಚಿಗಳು ಸಂಸಾರ ಹೂಡಿವೆ. ಆ ಕೋಣೆಯ ಮೇಲೆಯೇ ನಮ್ಮ ಕಣ್ಣಿರಲಿ.

ಮನೆಯಲ್ಲಿಯೇ ಏಕೆ?

ಪುಸ್ತಕ ಬೇಕಾದವರು ಗ್ರಾಮ ಪಂಚಾಯತಿಯ ಗ್ರಂಥಾಲಯಕ್ಕೆ ಹೋಗಬಹುದಲ್ಲವೇ ಎಂದು ಕೆಲವರು ಕೇಳಿಯಾರು. ಖಂಡಿತವಾಗಿ ಹೋಗಬೇಕು, ಅರಿವು ಕೇಂದ್ರವೆಂಬ ಹೆಸರು ಪಡೆದಿರುವ ಆ ಗ್ರಂಥಾಲಯಗಳನ್ನು ಬಳಸಿ ಉಳಿಸಿಕೊಳ್ಳಬೇಕು. ಆದರೆ ಮನುಷ್ಯನಿಗೆ ಪುಸ್ತಕ ಬೇಕೆನಿಸುವ ಗಳಿಗೆಯು ಗ್ರಂಥಾಲಯದ ಬಾಗಿಲು ತೆರೆಯುವ ವೇಳೆಯನ್ನು ನೋಡಿಕೊಂಡು ಬರುವುದಿಲ್ಲ. ಧರ್ಮಸಭೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ.

1521ರ ಮೇ 20ರಂದು ಪಾಂಪ್ಲೋನಾದ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡು ತಗುಲಿ ಇಗ್ನಾಸಿಯೆಂಬ ಯೋಧನ ಕಾಲು ಮುರಿಯಿತು. ಲೊಯೋಲಾದ ತನ್ನ ಮನೆಯಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ ಆತನು ಹೊತ್ತು ಕಳೆಯಲು ವೀರರ ಸಾಹಸಕಥೆಗಳನ್ನು ಕೇಳಿದನು. ಅಂಥ ಒಂದು ಪುಸ್ತಕವೂ ಆ ಮನೆಯಲ್ಲಿರಲಿಲ್ಲ. ಇದ್ದುದು ಎರಡೇ ಗ್ರಂಥಗಳು: ಲುಡಾಲ್ಫರೆಂಬ ಮಠವಾಸಿಗಳು ಬರೆದ ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಚರಿತ್ರೆಗಳ ಒಂದು ಸಂಗ್ರಹ. ಬೇರೆ ಗತಿಯಿಲ್ಲದೆ ಅವನ್ನೇ ಓದಿದ ಯೋಧನು ಮೇಲೆದ್ದಾಗ ಬೇರೆಯೇ ಮನುಷ್ಯನಾಗಿದ್ದನು. ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನಾಸಿಯವರ ಬದುಕು ತಿರುಗಿದ್ದು ಹೀಗೆ. ಆ ಪುಸ್ತಕಗಳನ್ನು ಮನೆಗೆ ತಂದಿಟ್ಟವರಿಗೆ ಮುಂದೆ ಇಂಥದೊಂದು ನಡೆಯುವುದೆಂದು ತಿಳಿದಿರಲು ಸಾಧ್ಯವೇ?

ನಾಲ್ಕು ಶತಮಾನಗಳ ನಂತರದ ಇನ್ನೊಂದು ಘಟನೆ. 1921ರ ಬೇಸಿಗೆಯಲ್ಲಿ ಎಡಿತ್ ಸ್ಟೈನ್ ಎಂಬ ಯೆಹೂದ್ಯ ತತ್ತ್ವಶಾಸ್ತ್ರಜ್ಞೆಯು ಜರ್ಮನಿಯ ಬರ್ಗ್‌ಜಾಬರ್ನ್ ಎಂಬ ಊರಿನಲ್ಲಿ ಗೆಳತಿಯ ಮನೆಯಲ್ಲಿ ತಂಗಿದ್ದರು. ಆ ಮನೆಯ ಪುಸ್ತಕಗಳ ನಡುವಿನಿಂದ ಅವರು ಅವಿಲಾದ ಸಂತ ತೆರೇಸಾರ ಆತ್ಮಚರಿತ್ರೆಯನ್ನು ಕೈಗೆತ್ತಿಕೊಂಡರು. ಇಡೀ ರಾತ್ರಿ ಓದಿ ಮುಗಿಸಿದರು. 1922ರ ಜನವರಿ 1ರಂದು ಅವರು ಜ್ಞಾನಸ್ನಾನ ಪಡೆದರು. ಮುಂದೆ ಕಾರ್ಮೆಲ್ ಸಭೆಯ ಕನ್ಯಾಸ್ತ್ರೀಯಾಗಿ, 1942ರಲ್ಲಿ ಆಶ್ವಿಟ್ಜ್ ಯಾತನಾಶಿಬಿರದಲ್ಲಿ ಪ್ರಾಣ ತೆತ್ತ ಅವರನ್ನು 1998ರಲ್ಲಿ ಸಂತರೆಂದು ಸಾರಲಾಯಿತು.

ಎರಡು ಘಟನೆಗಳೂ ಹೇಳುವ ಮಾತು ಒಂದೇ. ಬೇಕಾದ ಗಳಿಗೆಯಲ್ಲಿ ಕೈಗೆಟುಕುವಷ್ಟು ಹತ್ತಿರದಲ್ಲಿದ್ದ ಪುಸ್ತಕ ಕೆಲಸ ಮಾಡಿತು. ಮನೆಯಲ್ಲಿ ಗ್ರಂಥಾಲಯವಿರಬೇಕಾದ ಕಾರಣವೂ ಇಷ್ಟೇ. ಆ ಗಳಿಗೆಯನ್ನು ತರುವುದು ದೇವರ ಕೈಯಲ್ಲಿದೆ. ಪುಸ್ತಕವನ್ನು ತಂದಿಡುವುದು ನಮ್ಮ ಕೈಯಲ್ಲಿದೆ.

ವಾಚನಪೀಠದ ಬಳಿ ಯಾರು ನಿಲ್ಲುವರು?

ನಮ್ಮ ಭಾಗದ ಕುಟುಂಬಗಳಿಗೆ ಇನ್ನೂ ಒಂದು ಕಾರಣವಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಪವಿತ್ರ ಆರಾಧನಾವಿಧಿಯ ಸಂವಿಧಾನದಿಂದ ಜನರ ಭಾಷೆಗೆ ಪೂಜಾಪೀಠದ ದಾರಿ ತೆರೆಯಿತು. ಲ್ಯಾಟಿನ್ ಕೇಳಿಸುತ್ತಿದ್ದ ಜಾಗದಲ್ಲಿ ಕನ್ನಡ ಕೇಳಿಸಿತು. 1965ರ ದೈವಪ್ರಕಟಣೆಯ ಸಂವಿಧಾನವು ಪವಿತ್ರ ಗ್ರಂಥವನ್ನು ಓದುವ ದಾರಿ ಎಲ್ಲ ವಿಶ್ವಾಸಿಗಳಿಗೂ ಅಗಲವಾಗಿ ತೆರೆದಿರಬೇಕೆಂದು ಬೋಧಿಸಿತು.

ದಾರಿ ತೆರೆದಿದೆ, ನಡೆಯುವವರೆಲ್ಲಿ? ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಮಾತನಾಡುತ್ತಾರೆ, ಆದರೆ ಒಂದು ಪುಟವನ್ನು ನಿರರ್ಗಳವಾಗಿ ಓದಲು ತಡವರಿಸುತ್ತಾರೆ. ಭಾನುವಾರದ ಪೂಜೆಯಲ್ಲಿ ಮೊದಲನೆಯ ವಾಚನ ಮಾಡಲು ಕರೆದರೆ ಹಿಂದೆ ಸರಿಯುತ್ತಾರೆ. ಇಂದು ಓದುತ್ತಿರುವ ಹಿರಿಯರ ಕಣ್ಣು ಮಂಜಾದ ಮೇಲೆ ಆ ಪೀಠದ ಬಳಿ ನಿಲ್ಲುವವರು ಯಾರು? ಒತ್ತಾಯದ ಪಾಠದಿಂದ ಈ ಕೊರತೆ ನೀಗದು. ಚಿತ್ರಗಳಿರುವ ಕಥೆಪುಸ್ತಕವು ಮಗುವಿನ ಮೊಣಕಾಲೆತ್ತರದ ಹಲಗೆಯ ಮೇಲೆ ಸಿಗುವಂತಿದ್ದರೆ, ತಾಯಿಯೋ ಅಜ್ಜಿಯೋ ಸಂಜೆ ಹದಿನೈದು ನಿಮಿಷ ಜೊತೆಗೆ ಕುಳಿತರೆ, ಭಾಷೆ ತಾನಾಗಿ ನಾಲಗೆಗೆ ಹತ್ತುತ್ತದೆ.

ಮೊದಲು ಕೋಣೆಯ ಶುದ್ಧಿ

ಇನ್ನು ಕೆಲಸದ ಮಾತಿಗೆ ಬರೋಣ. ಮಳೆಗಾಲಕ್ಕೆ ಮುಂಚಿನ ಬೇಸಿಗೆಯೇ ಇದಕ್ಕೆ ತಕ್ಕ ಕಾಲ. ಒಕ್ಕಲುತನದ ಮನೆಯ ಖಾಲಿ ಕೋಣೆಯಲ್ಲಿ ಗೊಬ್ಬರದ ಚೀಲ, ಕೀಟನಾಶಕದ ಬಾಟಲಿ ಇರುವುದು ಸಾಮಾನ್ಯ. ಅವನ್ನು ಮೊದಲು ಹೊರಗೆ ಸಾಗಿಸಿ, ಮಕ್ಕಳ ಕೈಗೆ ಸಿಗದಂತೆ ಮನೆಯಿಂದ ಬೇರೆಯಾದ, ಬೀಗವಿರುವ ಜಾಗದಲ್ಲಿಡಬೇಕು. ಔಷಧ ಚೆಲ್ಲಿದ ನೆಲವನ್ನು ಸಾಬೂನಿನ ನೀರಿನಿಂದ ಹಲವು ಸಲ ತಿಕ್ಕಿ ತೊಳೆದು, ವಾಸನೆ ಪೂರ್ಣವಾಗಿ ಹೋಗುವವರೆಗೆ ಬಾಗಿಲು ಕಿಟಕಿಗಳನ್ನು ತೆರೆದಿಡಬೇಕು. ಅಲ್ಲಿಯತನಕ ಆ ಕೋಣೆ ಮಕ್ಕಳಿಗೆ ಸಲ್ಲದು.

ಅನಂತರ ಸೂರಿನ ಪರೀಕ್ಷೆ. ನವಲಗುಂದದ ಕಡೆಯ ಕಪ್ಪುನೆಲದಲ್ಲಿ ಪುಸ್ತಕಕ್ಕೆ ಧೂಳು ಶತ್ರುವಾದರೆ, ಕಲಘಟಗಿಯ ಕಡೆ ತೇವವೇ ದೊಡ್ಡ ಶತ್ರು. ಒಡೆದ ಹಂಚುಗಳನ್ನು ಬದಲಿಸಿ, ಒಂದು ಬಕೆಟ್ ನೀರು ಸುರಿದು ಎಲ್ಲಿ ಸೋರುತ್ತದೆಂದು ನೋಡಬೇಕು. ಮಳೆಯ ಇರಚಲು ಹೊಡೆಯುವ ಗೋಡೆಯನ್ನು ಗುರುತಿಸಿಕೊಂಡು, ಆ ಗೋಡೆಗೆ ಪುಸ್ತಕದ ಹಲಗೆಗಳನ್ನು ಎಂದೂ ಆನಿಸಬಾರದು. ಮಣ್ಣಿನ ಗೋಡೆಯಾಗಿದ್ದರೆ ಬಿರುಕು, ಬಿಲಗಳನ್ನು ಮುಚ್ಚಿ ಸುಣ್ಣ ಬಳಿಯುವುದು ಲೇಸು. ಗೋಡೆಯ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಅದನ್ನು ಕೆರೆದು ಸುಮ್ಮನಾಗದೆ, ಅದು ಎಲ್ಲಿಂದ ಹೊರಟಿದೆಯೆಂದು ಹುಡುಕಿ ಮೂಲದಲ್ಲಿಯೇ ತಡೆಯಬೇಕು.

ಎರಡು ಪ್ಲೈವುಡ್ ಹಲಗೆಗಳ ಲೆಕ್ಕ

ಕಲಘಟಗಿಯ ಬಣ್ಣದ ತೊಟ್ಟಿಲುಗಳು ನಾಡಿಗೆಲ್ಲ ಹೆಸರಾದವು. ಅಂಥ ಮರಗೆಲಸದ ಪರಂಪರೆಯಿರುವ ನೆಲದಲ್ಲಿ ಹಲಗೆ ಜೋಡಿಸುವ ವಿದ್ಯೆ ಹೊಸದೇನಲ್ಲ. ಆದರೂ ಬಡಿಗರನ್ನು ಕರೆಯದೆ ಮನೆಯವರೇ ಮಾಡಬಹುದಾದ ಒಂದು ಕ್ರಮವನ್ನು ಇಲ್ಲಿ ಹೇಳಬಹುದು.

ಕೋಣೆಯು ಎಂಟು ಅಡಿ ಅಗಲ, ಹತ್ತು ಅಡಿ ಉದ್ದವಿದೆಯೆಂದು ಇಟ್ಟುಕೊಳ್ಳೋಣ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ಮುಕ್ಕಾಲು ಇಂಚು ದಪ್ಪದ ಎರಡು ಪ್ಲೈವುಡ್ ಹಲಗೆಗಳನ್ನು ಕೊಂಡು, ಅಂಗಡಿಯಲ್ಲಿಯೇ ಹತ್ತು ಇಂಚು ಅಗಲದ ಪಟ್ಟಿಗಳಾಗಿ ಸೀಳಿಸಿದರೆ ಒಟ್ಟು ಎಂಟು ಪಟ್ಟಿಗಳು ಬರುತ್ತವೆ. ನಾಲ್ಕು ಪಟ್ಟಿಗಳಿಂದ ಐದೂವರೆ ಅಡಿಯ ಒಂದೊಂದು ನಿಲುಹಲಗೆ ಮತ್ತು ಎರಡೂವರೆ ಅಡಿಯ ಒಂದೊಂದು ಅಡ್ಡಹಲಗೆ ಸಿಗುತ್ತವೆ. ಉಳಿದ ನಾಲ್ಕರಿಂದ ಎರಡೂವರೆ ಅಡಿಯ ಮೂರು ಮೂರು ಅಡ್ಡಹಲಗೆಗಳು ಸಿಗುತ್ತವೆ. ಗರಗಸಕ್ಕೆ ಕೂದಲೆಳೆಯಷ್ಟು ಮರ ಹೋಗುವುದರಿಂದ ಅಡ್ಡಹಲಗೆಗಳೆಲ್ಲವನ್ನೂ ತುಸು ಕಡಿಮೆ ಅಳತೆಗೆ ಸರಿಸಮವಾಗಿ ಕೊಯ್ಸಬೇಕು. ನಾಲ್ಕು ನಿಲುಹಲಗೆಗಳ ನಡುವಿನ ಮೂರು ಅಂಕಣಗಳಲ್ಲಿ ಐದೈದು ಸಾಲು ಹಾಕಿದರೆ ಹದಿನೈದು ಅಡ್ಡಹಲಗೆಗಳು ಬೇಕು; ಒಂದು ಹಲಗೆ ಮಿಕ್ಕುತ್ತದೆ. ಎಲ್ಲವೂ ಸೇರಿ ಎಂಟು ಅಡಿಯ ಗೋಡೆಯೊಳಗೆ ಹೊಂದುತ್ತದೆ.

ಅಡ್ಡಹಲಗೆಯ ಉದ್ದವನ್ನು ಎರಡೂವರೆ ಅಡಿಗಿಂತ ಹೆಚ್ಚಿಸಬಾರದು. ಒಂದು ಅಡಿ ಉದ್ದದ ಪುಸ್ತಕದ ಸಾಲು ಸುಮಾರು 8ರಿಂದ 10 ಕಿಲೋ ತೂಗುತ್ತದೆ. ಉದ್ದದ ಹಲಗೆ ಒಂದೆರಡು ವರ್ಷಗಳಲ್ಲಿ ನಡು ಬಾಗುತ್ತದೆ. ಮೇಲೆ ಹೇಳಿದ ಕಪಾಟು ತುಂಬಿದಾಗ ಅದರಲ್ಲಿ ಐನೂರಕ್ಕೂ ಹೆಚ್ಚು ಪುಸ್ತಕಗಳು, ಮೂರು ಕ್ವಿಂಟಲಿಗೂ ಮೀರಿದ ಭಾರ ಇರುತ್ತದೆ. ಆದಕಾರಣ ಹಳೆಯ ಅಟ್ಟದ ಮೇಲೆ ಇಂಥ ಕಪಾಟು ಬೇಡ. ನೆಲದ ಕೋಣೆಯೇ ಸುರಕ್ಷಿತ.

ಮೊದಲನೆಯ ಸಾಲು ನೆಲದಿಂದ ಅರ್ಧ ಅಡಿ ಮೇಲಿರಲಿ. ಸಾಲುಗಳ ನಡುವೆ ಹನ್ನೊಂದು ಇಂಚು ಅಂತರ ಸಾಕು. ರಸಮಟ್ಟವಿಟ್ಟು ಸಮ ನೋಡಿಕೊಂಡು ಸ್ಕ್ರೂಗಳಿಂದ ಬಿಗಿಯಬೇಕು. ಬರಿಯ ಮೊಳೆ ಕಾಲಕ್ರಮದಲ್ಲಿ ಸಡಿಲವಾಗುತ್ತದೆ. ಕಪಾಟಿನ ಹಿಂಬದಿಗೂ ಗೋಡೆಗೂ ನಡುವೆ ಎರಡು ಇಂಚು ಗಾಳಿಯಾಡುವಂತೆ ಮರದ ತುಂಡುಗಳನ್ನಿಟ್ಟು, ಮೇಲ್ಭಾಗವನ್ನು ಕಬ್ಬಿಣದ ಪಟ್ಟಿಗಳಿಂದ ಗೋಡೆಗೆ ಕಚ್ಚಿಸಬೇಕು. ಮಗುವೊಂದು ಹಲಗೆಯನ್ನು ಹಿಡಿದು ಹತ್ತಿದರೂ ಕಪಾಟು ಮಗುಚಿ ಬೀಳಬಾರದು. ಗೆದ್ದಲಿನ ಕಾಟ ಹೆಚ್ಚಿರುವ ಮನೆಯಲ್ಲಿ ಮರದ ಗೋಜೇ ಬೇಡವೆನ್ನುವವರು ಇಟ್ಟಿಗೆಯ ಕಾಲುಗಳ ಮೇಲೆ ಕಡಪಾ ಕಲ್ಲಿನ ಫರಸಿಗಳನ್ನು ಹಾಸಬಹುದು.

ಕಿಟಕಿಯ ಬೆಳಕು ಓದುವವರ ಎಡಬದಿಯಿಂದ ಬರಲಿ. ಬಿಸಿಲು ಮಾತ್ರ ನೇರವಾಗಿ ಪುಸ್ತಕಗಳ ಮೇಲೆ ಬೀಳದಿರಲಿ. ಒಂದು ಮೇಜು, ಎರಡು ಕುರ್ಚಿ, ಮಕ್ಕಳಿಗೊಂದು ಚಾಪೆ, ರಾತ್ರಿಗೆ ಒಂದು ಒಳ್ಳೆಯ ದೀಪವಿದ್ದರೆ ಕೋಣೆ ಸಿದ್ಧವಾಯಿತು. ನೆರಳಿನಲ್ಲಿ ಒಣಗಿಸಿದ ಬೇವಿನ ಎಲೆ, ತೆಳುಬಟ್ಟೆಯಲ್ಲಿ ಕಟ್ಟಿದ ಬಜೆಯ ಬೇರು ಹುಳುಗಳನ್ನು ದೂರವಿಡಲು ಹಿರಿಯರು ಬಳಸುತ್ತಿದ್ದ ವಸ್ತುಗಳು. ಮಕ್ಕಳಿರುವ ಕೋಣೆಯಲ್ಲಿ ನುಸಿಗುಳಿಗೆ ಬೇಡ; ಮಿಠಾಯಿಯೆಂದು ಬಾಯಿಗೆ ಹಾಕಿಕೊಳ್ಳುವ ಅಪಾಯವಿದೆ. ಎಲ್ಲಕ್ಕಿಂತ ಮಿಗಿಲಾದ ಉಪಾಯವೆಂದರೆ ಪುಸ್ತಕಗಳನ್ನು ಆಗಾಗ ತೆಗೆದು ಓದುವುದು. ಮುಟ್ಟದ ಪುಸ್ತಕಕ್ಕೆ ಹುಳು ಹತ್ತುವುದು ಬೇಗ.

ಹಲಗೆಯ ಮೇಲೆ ಏನಿರಬೇಕು?

ಮನೆಯಲ್ಲಿರುವುದನ್ನು ಮೊದಲು ಒಟ್ಟುಗೂಡಿಸಬೇಕು. ಟ್ರಂಕಿನ ತಳದಲ್ಲಿ ಅಜ್ಜನ ಪ್ರಾರ್ಥನಾ ಪುಸ್ತಕ, ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿ ಗೀತೆಗಳ ಹೊತ್ತಗೆ, ಧರ್ಮೋಪದೇಶದ ಪಠ್ಯ, ಹಳೆಯ ಪತ್ರಿಕೆಗಳು ಇದ್ದೇ ಇರುತ್ತವೆ. ಅವು ಕುಟುಂಬದ ವಿಶ್ವಾಸದ ದಾಖಲೆಗಳು; ರದ್ದಿಗೆ ಹಾಕುವಂಥವಲ್ಲ. ಬೈಬಲ್ ಗ್ರಂಥವು ಪ್ಲಾಸ್ಟಿಕ್ ಹೊದಿಕೆಯಿಂದ ಹೊರಬಂದು, ಕಣ್ಣಿನ ಮಟ್ಟದ ಹಲಗೆಯಲ್ಲಿ ಮೊದಲ ಸ್ಥಾನ ಪಡೆಯಲಿ. ಅದರ ಜೊತೆಗೆ ಸಂತರ ಚರಿತ್ರೆಗಳು, ಧರ್ಮಸಭೆಯ ಬೋಧನೆಯ ಗ್ರಂಥಗಳು ಇರಲಿ.

ಧರ್ಮಗ್ರಂಥಗಳಿಗೆ ಮಾತ್ರ ನಿಲ್ಲಬಾರದು. ಕಥೆ, ಕಾದಂಬರಿ, ಕಾವ್ಯಗಳನ್ನು ಓದುವುದು ಕ್ರೈಸ್ತರಿಗೆ ವ್ಯರ್ಥ ಕಾಲಹರಣವೆಂಬ ಭಾವನೆ ಕೆಲವರಲ್ಲಿದೆ. ಜಗದ್ಗುರು ಫ್ರಾನ್ಸಿಸರು 2024ರ ಜುಲೈ 17ರ ತಮ್ಮ ಪತ್ರದಲ್ಲಿ ಸಾಹಿತ್ಯದ ಓದು ವ್ಯಕ್ತಿತ್ವದ ಬೆಳವಣಿಗೆಗೆ ಎಷ್ಟು ಅವಶ್ಯಕವೆಂಬುದನ್ನು ವಿವರಿಸಿ ಈ ಭಾವನೆಯನ್ನು ತಿದ್ದಿದರು. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲದಿದ್ದರೂ ಪ್ರಭುವಿನ ಶಿಲುಬೆಯ ಮರಣವನ್ನು ಕುರಿತು ಗೊಲ್ಗೊಥಾ ಎಂಬ ಖಂಡಕಾವ್ಯವನ್ನೇ ಬರೆದರು. ನಮ್ಮವರೇ ಆದ ಸಾಗರದ ನಾ. ಡಿಸೋಜರು ಮುಳುಗಡೆಯಾದ ಊರುಗಳ ಜನರ ಸಂಕಟವನ್ನು ಕಾದಂಬರಿಗಳಲ್ಲಿ ಹಿಡಿದಿಟ್ಟರು. ಅವರ ಮಕ್ಕಳ ಕಾದಂಬರಿ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿತು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾಗಿದ್ದರು. 2025ರ ಜನವರಿಯಲ್ಲಿ ಅಗಲಿದ ಆ ಹಿರಿಯರ ಒಂದಾದರೂ ಕೃತಿ ಪ್ರತಿಯೊಂದು ಕಥೋಲಿಕ ಮನೆಯಲ್ಲಿರಬೇಡವೇ?

ಧಾರವಾಡದವರಿಗಂತೂ ಪುಸ್ತಕದ ಬರವಿಲ್ಲ. 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಒಂದು ಅಟ್ಟದ ಮೇಲಿನಿಂದಲೇ ಕನ್ನಡದ ದೊಡ್ಡ ಲೇಖಕರನ್ನು ನಾಡಿಗೆ ಕೊಟ್ಟಿತು. ಬೇಂದ್ರೆಯವರ ಕವಿತೆ, ಒಂದು ಒಳ್ಳೆಯ ನಿಘಂಟು, ಕೃಷಿ ಮತ್ತು ಆರೋಗ್ಯದ ಪುಸ್ತಕಗಳು, ನ್ಯಾಷನಲ್ ಬುಕ್ ಟ್ರಸ್ಟಿನ ಕಡಿಮೆ ಬೆಲೆಯ ಮಕ್ಕಳ ಪುಸ್ತಕಗಳು ಇವಿಷ್ಟರಿಂದ ಆರಂಭಿಸಿದರೆ ಸಾಕು. ಕೆಳಗಿನ ಎರಡು ಸಾಲು ಮಕ್ಕಳದು. ಅಲ್ಲಿ ಹಿರಿಯರ ಪುಸ್ತಕಗಳು ಇಳಿಯಬಾರದು. ಜ್ಞಾನಸ್ನಾನ, ಮೊದಲ ಪರಮಪ್ರಸಾದ, ಹುಟ್ಟುಹಬ್ಬಗಳಿಗೆ ಬರುವ ಬಂಧುಗಳಿಗೆ ಉಡುಗೊರೆಯಾಗಿ ಒಂದು ಪುಸ್ತಕ ತರಬೇಕೆಂದು ಸಂಕೋಚವಿಲ್ಲದೆ ಹೇಳಿದರೆ ಕಪಾಟು ತಾನಾಗಿ ತುಂಬುತ್ತದೆ.

ಬೀಗ ಬೇಡ, ದಾಖಲೆ ಬೇಕು

ಇನ್ನೂರು ಪುಟದ ಒಂದು ನೋಟುಪುಸ್ತಕದಲ್ಲಿ ಕ್ರಮಸಂಖ್ಯೆ, ಪುಸ್ತಕದ ಹೆಸರು, ಲೇಖಕರು, ಬಂದ ದಿನಾಂಕ, ಕೊಟ್ಟವರು ಎಂಬ ಅಂಕಣಗಳನ್ನು ಎಳೆಯಬೇಕು. ಕೊನೆಯ ಪುಟಗಳಲ್ಲಿ ಒಯ್ದವರ ಹೆಸರು, ಮರಳಿಸಿದ ದಿನ ಬರೆಯಬೇಕು. ಈ ಹೊಣೆ ಮನೆಯ ಶಾಲಾ ಬಾಲಕನದೋ ಬಾಲಕಿಯದೋ ಆಗಲಿ. ಹೊಣೆ ಹೊತ್ತ ಮಗು ಪುಸ್ತಕವನ್ನು ತನ್ನದೆಂದು ತಿಳಿಯುತ್ತದೆ. ನೆರೆಮನೆಯ ಮಕ್ಕಳಿಗೆ, ಅವರು ಯಾವ ಧರ್ಮದವರೇ ಆಗಿರಲಿ, ಬಾಗಿಲು ತೆರೆದಿರಲಿ. ಒಂದೆರಡು ಪುಸ್ತಕಗಳು ಮರಳಿ ಬಾರದೆ ಹೋಗಬಹುದು. ಬಿತ್ತಿದ ಕಾಳೆಲ್ಲ ಮೊಳೆಯುವುದಿಲ್ಲವೆಂದು ಒಕ್ಕಲಿಗನು ಬಿತ್ತನೆಯನ್ನು ಬಿಡುವುದುಂಟೇ?

ಪುಸ್ತಕ ಕೂಡಿಸಲು ಸಿರಿವಂತಿಕೆ ಬೇಕಿಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನಗಳಿವೆ. ಮಂಡ್ಯ ಜಿಲ್ಲೆಯ ಪಾಂಡವಪುರದ ಬಳಿಯ ಹರಳಹಳ್ಳಿಯ ಅಂಕೇಗೌಡರು ಬಸ್ ನಿರ್ವಾಹಕರಾಗಿ, ಬಳಿಕ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಸಂಬಳದ ಹಣದಿಂದಲೇ ಲಕ್ಷಗಟ್ಟಲೆ ಪುಸ್ತಕಗಳ ‘ಪುಸ್ತಕ ಮನೆ’ಯನ್ನು ಕಟ್ಟಿದ ಅವರನ್ನು 2026ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಆರಿಸಲಾಯಿತು. ಮೈಸೂರಿನ ಕೂಲಿಕಾರ್ಮಿಕ ಸೈಯದ್ ಇಸಾಕ್ ತಾವು ಓದದಿದ್ದರೂ ಇತರರು ಓದಲೆಂದು ಕೂಡಿಸಿದ್ದ ಸಾವಿರಾರು ಪುಸ್ತಕಗಳು 2021ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾದಾಗ ನಾಡೇ ಮರುಗಿತು. ಇವರ ಸಾಧನೆ ದೊಡ್ಡದು. ನಮ್ಮಿಂದ ಅಪೇಕ್ಷಿತವಾದದ್ದು ಒಂದು ಕೋಣೆ ಮಾತ್ರ.

ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯ 48ನೆಯ ಅಧ್ಯಾಯದಲ್ಲಿ ತಪಸ್ಸುಕಾಲದ ಆರಂಭದಲ್ಲಿ ಪ್ರತಿಯೊಬ್ಬ ಮಠವಾಸಿಗೂ ಗ್ರಂಥಾಲಯದಿಂದ ಒಂದು ಪುಸ್ತಕ ಕೊಡಬೇಕು, ಅವನು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು ಎಂದು ವಿಧಿಸಿದರು. ಗೃಹ ಧರ್ಮಸಭೆಯೆಂದು ಮಹಾಸಭೆಯು ಕರೆದ ನಮ್ಮ ಕುಟುಂಬಗಳೂ ಈ ಪದ್ಧತಿಯನ್ನು ಕೈಗೊಳ್ಳಬಹುದು. ವಿಭೂತಿ ಬುಧವಾರದಂದು ಮನೆಯ ಪ್ರತಿಯೊಬ್ಬರೂ ಕಪಾಟಿನಿಂದ ಒಂದು ಪುಸ್ತಕ ಆರಿಸಿಕೊಳ್ಳಲಿ. ಪಾಸ್ಕ ಹಬ್ಬದೊಳಗೆ ಮುಗಿಸಲಿ. ಊಟದ ಹೊತ್ತಿನಲ್ಲಿ ಅದರ ಬಗೆಗೆ ನಾಲ್ಕು ಮಾತನಾಡಲಿ. 2019ರಲ್ಲಿ ಜಗದ್ಗುರು ಫ್ರಾನ್ಸಿಸರು ಸ್ಥಾಪಿಸಿದ ದೇವರ ವಾಕ್ಯದ ಭಾನುವಾರವು ಜನವರಿಯಲ್ಲಿ ಬರುತ್ತದೆ. ಹೊಸ ಕೋಣೆಯನ್ನು ಗುರುಗಳಿಂದ ಆಶೀರ್ವದಿಸಿಕೊಳ್ಳಲು ಅದಕ್ಕಿಂತ ತಕ್ಕ ದಿನ ಬೇರೊಂದಿಲ್ಲ.

ಅಲ್ಲಿಯವರೆಗೆ ಕಾಯಬೇಕೆಂದೇನೂ ಇಲ್ಲ. ಈ ಭಾನುವಾರ ಪೂಜೆಯಿಂದ ಮನೆಗೆ ಮರಳಿದ ಮೇಲೆ ಆ ಕೋಣೆಯ ಬಾಗಿಲು ತೆಗೆಯಿರಿ, ಹರಿದ ಚೀಲಗಳನ್ನು ಅಂಗಳಕ್ಕೆ ಹಾಕಿರಿ, ಗೋಡೆಯ ಅಳತೆ ಹಿಡಿಯಿರಿ. ಅಳತೆಯ ಪಟ್ಟಿಯ ಇನ್ನೊಂದು ತುದಿಯನ್ನು ಮನೆಯ ಅತಿ ಕಿರಿಯ ಮಗುವಿನ ಕೈಗೆ ಕೊಡಿರಿ.